ಮನೆಗೆ ಬಂದರೂ ಆಫೀಸಿನ ಐಪಿ ಬಿಡದ ಲ್ಯಾಪ್‌ಟಾಪ್

ಮನೆ ಕೊಪ್ಪಳದಲ್ಲಿ, ಕೆಲಸ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಲೆಕ್ಕದ ಆಫೀಸಿನಲ್ಲಿ. ಲ್ಯಾಪ್‌ಟಾಪ್ ದಿನಾ ನನ್ನ ಜೊತೆ ಬಸ್ಸಿನಲ್ಲಿ ಓಡಾಡುತ್ತದೆ. ಆಫೀಸಿನಲ್ಲಿ ನೆಟ್ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲಿ ವೈಫೈ ಕನೆಕ್ಟ್ ಆಗುತ್ತಿತ್ತು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಎರಡು ದಿನ ಸುಮ್ನೆ ರೂಟರ್ ಆಫ್ ಮಾಡಿ ಆನ್ ಮಾಡಿದ್ದೇ ಬಂತು. ಅದೇ ವೈಫೈನಲ್ಲಿ ಫೋನ್ ಚೆನ್ನಾಗಿಯೇ ನಡೆಯುತ್ತಿತ್ತು. ಅದನ್ನು ನೋಡಿಯಾದರೂ ತಿಳಿಯಬೇಕಿತ್ತು, ಅಲ್ವಾ?

ಸೆಟ್ಟಿಂಗ್ಸ್ ಮುಟ್ಟುವ ಮೊದಲು ಐಪಿ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪಿನ ವಿಳಾಸ, ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್‌ಫಿಗ್ (ipconfig) ಅಂತ ಕೊಟ್ಟರೆ ಸಿಗುತ್ತದೆ. ನನಗೆ ಸಿಕ್ಕಿದ್ದು 192.168.10.45. ಮನೆಯ ರೂಟರ್ 192.168.1.1. ಮೂರನೇ ಅಂಕಿಯೇ ಬೇರೆ, ಅಂದರೆ ಅದು ಮನೆಯ ನೆಟ್‌ವರ್ಕಿನ ನಂಬರೇ ಅಲ್ಲ. ಹುಲಿಗಿಯ ಲಾಡ್ಜಿನ ಕೀಲಿ ತಂದು ಆನೆಗುಂದಿಯಲ್ಲಿ ಬಾಗಿಲು ತೆಗೆಯಲು ಹೋದಂತೆ! ಆಫೀಸಿನಲ್ಲಿ ಯಾರೋ ಕೈಯಾರೆ ಹಾಕಿದ ಸ್ಟ್ಯಾಟಿಕ್ ಐಪಿ ಹಾಗೇ ಉಳಿದಿತ್ತು. ವೈಫೈ ಅಡಾಪ್ಟರಿನ ಐಪಿವಿ4 ಪ್ರಾಪರ್ಟೀಸ್‌ನಲ್ಲಿ ಅದನ್ನು ಆಟೋಮ್ಯಾಟಿಕ್ ಮಾಡಿದರೆ, ರೂಟರಿನಲ್ಲಿರುವ ಡಿಎಚ್‌ಸಿಪಿ ಹೊಸ ನಂಬರ್ ಕೊಡುತ್ತದೆ.

ನಂಬರ್ 169.254 ಅಂತ ಶುರುವಾದರೆ ಕಥೆ ಬೇರೆ. ಲ್ಯಾಪ್‌ಟಾಪ್ ನಂಬರ್ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ. ಆಗ ಕೇಬಲ್, ಸಿಗ್ನಲ್, ರೂಟರ್ ನೋಡಬೇಕು.

ನಾನು ಐಪಿಯನ್ನು ಆಟೋಮ್ಯಾಟಿಕ್ ಮಾಡಿದ ಮೇಲೂ ಪುಟ ತೆರೆಯಲಿಲ್ಲ. ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿದರೆ, ಅಂದರೆ ತಲುಪುತ್ತದಾ ಅಂತ ಕೇಳಿ ನೋಡಿದರೆ, ಉತ್ತರ ಬರುತ್ತಿತ್ತು. ಅಂದರೆ ದಾರಿ ಸರಿಯಿದೆ, ಹೆಸರಿನಿಂದ ನಂಬರ್ ಹುಡುಕುವ ಡಿಎನ್‌ಎಸ್ ಕೆಟ್ಟಿರಬೇಕು. ಅದೇ ಕಿಟಕಿಯಲ್ಲಿ ಐಪಿಗೆ ಒಂದು ಆಯ್ಕೆ, ಡಿಎನ್‌ಎಸ್‌ಗೆ ಇನ್ನೊಂದು ಆಯ್ಕೆ ಇರುತ್ತದೆ. ಮೇಲಿನದನ್ನು ಬದಲಿಸಿ ಕೆಳಗಿನದನ್ನು ಮರೆತಿದ್ದೆ. ಅಲ್ಲಿ ಆಫೀಸಿನ ಸರ್ವರ್ ನಂಬರೇ ಕೂತಿತ್ತು. ಆ ಸರ್ವರ್ ಮನೆಯಿಂದ ಸಿಗುವುದಿಲ್ಲ. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ ಅನ್ನಿಸುತ್ತದೆ.

ಡಿಎನ್‌ಎಸ್ ಸರಿಯಿದ್ದೂ ಬ್ರೌಸರ್ ಮಾತ್ರ ಸತಾಯಿಸಿದರೆ ಪ್ರಾಕ್ಸಿ, ಅಂದರೆ ಬ್ರೌಸರ್ ನೆಟ್‌ಗೆ ಹೋಗುವ ನಡುವಿನ ಸರ್ವರ್, ನೋಡಿ. ಆಫೀಸಿನಲ್ಲಿ ಕೈಯಾರೆ ಹಾಕಿದ ಪ್ರಾಕ್ಸಿ, ವೈಫೈ ಬದಲಾದರೂ ಹಾಗೇ ಇರುತ್ತದೆ.

ಹಾಗಂತ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೆಟ್ಟಿಂಗ್ ಬದಲಿಸುತ್ತಾ ಕೂರಬೇಕಾ? ಬೇಡ. ಆಫೀಸಿನಲ್ಲಿ ಡಿಎಚ್‌ಸಿಪಿ ಇಲ್ಲದಿದ್ದರೆ, ಐಪಿಯನ್ನು ಆಟೋಮ್ಯಾಟಿಕ್ ಇಟ್ಟು, ಪಕ್ಕದ ಆಲ್ಟರ್ನೇಟ್ ಕಾನ್ಫಿಗರೇಷನ್ ಟ್ಯಾಬ್‌ನಲ್ಲಿ ಆಫೀಸಿನ ನಂಬರ್ ಬರೆದಿಡಿ. ಡಿಎಚ್‌ಸಿಪಿಯಿಂದ ಉತ್ತರ ಬಾರದಿದ್ದಾಗ ಮಾತ್ರ ವಿಂಡೋಸ್ ಅದನ್ನು ಹಿಡಿಯುತ್ತದೆ. ಸ್ವಲ್ಪ ಹೊತ್ತು ಕಾಯಬೇಕು, ಅಷ್ಟೇ.

ನನಗೆ ಇನ್ನೂ ಇಷ್ಟವಾದದ್ದು ರಿಸರ್ವೇಷನ್. ನಮ್ಮ ಗಿರಣಿಯ ರೂಟರಿನಲ್ಲಿ ಡಿಎಚ್‌ಸಿಪಿ ಇತ್ತು. ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಅಲ್ಲಿ ಬರೆಸಿ, ಕೊನೆಯ ಅಂಕಿ 45 ಇರುವ ಹಳೆಯ ಐಪಿಯನ್ನೇ ಕೊಡುವಂತೆ ಮಾಡಿಸಿದೆ. ಲ್ಯಾಪ್‌ಟಾಪ್ ಎರಡೂ ಕಡೆ ಆಟೋಮ್ಯಾಟಿಕ್. ಮೊದಲ ದಿನ 45ರ ಬದಲು ಬೇರೆ ನಂಬರ್ ಬಂತು. ವೈಫೈನ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಆಗಿತ್ತು. ಅದು ಮ್ಯಾಕ್ ವಿಳಾಸವನ್ನೇ ಬದಲಿಸಿ ತೋರಿಸುತ್ತದೆ. ಆಫ್ ಮಾಡಿದೆ, 45 ಬಂತು.