ಸೋವಿಯತ್ ತರಬೇತಿ ಜೆಟ್ ಅಮೆರಿಕದ ಹ್ಯಾಂಗರ್ ಸೇರಿದ ಕಥೆ

ಅಮೆರಿಕದಲ್ಲಿ ದುಡ್ಡಿರುವ ಪೈಲಟ್‌ಗೆ ಸ್ವಂತ ಮಿಲಿಟರಿ ಜೆಟ್ ಬೇಕೆನಿಸಿದರೆ, ಮೊದಲು ನೆನಪಾಗುವ ಹೆಸರುಗಳಲ್ಲಿ ಎಲ್-39 ಅಲ್ಬಟ್ರೋಸ್ ಒಂದು. ಶೀತಲ ಸಮರದ ಕಾಲದಲ್ಲಿ ಎಷ್ಟೋ ಸೋವಿಯತ್ ಯುದ್ಧ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ! ಇದು ಶೋಕಿಯ ವಿಮಾನವಾದದ್ದು ಒಂದು ದೊಡ್ಡ ದೇಶ ಒಡೆದುಹೋದ ಮೇಲೆ.

ಇದನ್ನು ತಯಾರಿಸಿದ್ದು ಜೆಕೊಸ್ಲೊವಾಕಿಯಾದ ಏರೋ ಕಂಪನಿ. ಮೊದಲ ಹಾರಾಟ 1968ರಲ್ಲಿ. ಒಟ್ಟು ಸುಮಾರು 2,900 ವಿಮಾನಗಳಲ್ಲಿ 2,000ಕ್ಕೂ ಜಾಸ್ತಿ ಸೋವಿಯತ್ ಒಕ್ಕೂಟಕ್ಕೇ ಹೋದವು. 1991ರಲ್ಲಿ ಒಕ್ಕೂಟ ಒಡೆದಾಗ, ಉಕ್ರೇನ್, ಕಿರ್ಗಿಸ್ತಾನ್‌ನಂಥ ಹೊಸ ದೇಶಗಳ ಪಾಲಿಗೆ ತಮ್ಮ ನೆಲದಲ್ಲಿದ್ದ ವಿಮಾನಗಳು ಬಂದವು. ವಿಮಾನ ಇತ್ತು, ಹಾರಿಸಲು ದುಡ್ಡಿರಲಿಲ್ಲ. ಲಿಥುವೇನಿಯಾ ಕಿರ್ಗಿಸ್ತಾನದಿಂದ ನಾಲ್ಕನ್ನು ತರಿಸಿಕೊಂಡಿತು. ಪೂರ್ವ ಜರ್ಮನಿಯಲ್ಲಿದ್ದ 20 ವಿಮಾನ ಹಂಗೆರಿಗೆ ಹೋದವು. ಎಷ್ಟೋ ವಿಮಾನಗಳು ವ್ಯಾಪಾರಿಗಳ ಕೈದಾಟಿ ಅಮೆರಿಕಕ್ಕೆ ಬಂದವು.

ಅಲ್ಲಿ ಇದು ಇಷ್ಟವಾಗಲು ಕಾರಣ ಸರಳ. ಕಲಿಯುವವರ ಕೈಗೆ ಕೊಡಲೆಂದೇ ಮಾಡಿದ್ದರಿಂದ ಗಟ್ಟಿಮುಟ್ಟು. ಹುಲ್ಲಿನ ರನ್‌ವೇಯಿಂದಲೂ ಏರುತ್ತದೆ, ಎಂಜಿನ್ ಸ್ಟಾರ್ಟ್ ಮಾಡಲು ಹೊರಗಿನ ಯಂತ್ರ ಬೇಕಿಲ್ಲ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಸುಮ್ನೆ ಹಾರಿಸುವಂತಿಲ್ಲ. ಆಯುಧದ ಜೋಡಣೆ ಕಳಚಬೇಕು. ಮೀಟರ್, ಕಿಲೋಮೀಟರ್ ತೋರಿಸುವ ಮಾಪಕಗಳನ್ನು ಸಾಮಾನ್ಯವಾಗಿ ಅಡಿ, ನಾಟ್‌ಗೆ (ವಿಮಾನದ ವೇಗದ ಅಳತೆ) ಬದಲಿಸುತ್ತಾರೆ. ಅಮೆರಿಕದಲ್ಲಿ ಇದು 'ಎಕ್ಸ್‌ಪೆರಿಮೆಂಟಲ್' (ಪ್ರಾಯೋಗಿಕ) ವರ್ಗದ ವಿಮಾನ, ಬಾಡಿಗೆಗೆ ಜನರನ್ನು ಒಯ್ಯಲು ಬಿಡುವುದಿಲ್ಲ. ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಷನ್ ಸೀಟಿನ ಸ್ಫೋಟಕಕ್ಕೂ ವಾಯಿದೆ ಇದೆ. ಹೊಸದು ಸಿಗುವುದು ಕಷ್ಟ. ಹಾಗಾಗಿ ಎಷ್ಟೋ ಮಾಲೀಕರು ಸೀಟನ್ನು ನಿಷ್ಕ್ರಿಯ ಮಾಡಿಯೇ ಹಾರುತ್ತಾರೆ. ಜೀವ ಉಳಿಸಲೆಂದೇ ಇಟ್ಟ ಸೀಟು ಬರೀ ಕುರ್ಚಿಯಾದರೆ ಅಗ್ಗದ ಮಾತೆಲ್ಲಿ ಬಂತು?

ಮಾರುವ ದೇಶಕ್ಕೂ ತಲೆನೋವು ತಪ್ಪಿದ್ದಲ್ಲ. ನ್ಯೂಜಿಲೆಂಡ್ 2001ರಲ್ಲಿ ತನ್ನ ಯುದ್ಧ ಜೆಟ್ ಪಡೆಯನ್ನೇ ಮುಚ್ಚಿತು. ಇಟಲಿಯ ಎಂಬಿ-339 ತರಬೇತಿ ಜೆಟ್‌ಗಳನ್ನೂ ಅಮೆರಿಕದಲ್ಲಿ ತಯಾರಾದ ಸ್ಕೈಹಾಕ್ ಯುದ್ಧ ಜೆಟ್‌ಗಳನ್ನೂ ಮಾರಲು 2005ರಲ್ಲಿ ಒಪ್ಪಂದವಾಯಿತು. ಅಮೆರಿಕದ ಒಪ್ಪಿಗೆಗಾಗಿ ಕಾದು ಕಾದು ಅದು ಮುರಿದುಬಿತ್ತು. 2012ರಲ್ಲಿ ಒಂಬತ್ತು ಎಂಬಿ-339 ಡ್ರಾಕೆನ್ ಎಂಬ ಅಮೆರಿಕದ ಕಂಪನಿಗೆ ಹೋದವು. ಯುದ್ಧಾಭ್ಯಾಸದಲ್ಲಿ ಎದುರಾಳಿಯ ಪಾತ್ರ ಮಾಡುವುದು ಅದರ ಕಸುಬು.

ಇನ್ನು ಎಲ್-39ರ ಮೂಲ ಎಂಜಿನ್ ಹುಟ್ಟಿದ ಊರು ಉಕ್ರೇನಿನ ಝಪೋರಿಝಿಯಾ. ಏರೋ 2015ರಲ್ಲೇ ಹಳೆಯ ಎಲ್-39ಕ್ಕೆ ಅಮೆರಿಕದ ವಿಲಿಯಮ್ಸ್ ಎಂಜಿನ್ ಕೂರಿಸಿ ಹಾರಿಸಿತ್ತು; ಅದೇ ಎಂಜಿನ್ನಿನ ಹೊಸ ಎಲ್-39ಎನ್‌ಜಿ ಈಗ ಏರೋ ಕಾರ್ಖಾನೆಯಿಂದಲೇ ಬರುತ್ತಿದೆ.