ಗೇಮ್ ಕ್ಯಾಸೆಟ್‌ಗೆ ಊದುವುದು ಹೇಗೆ? ಊದಲೇಬೇಡಿ!

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಟಿವಿಗೆ ಜೋಡಿಸಿ ಆಡುತ್ತಿದ್ದ ಗೇಮ್ ಯಂತ್ರ, ನಿಂಟೆಂಡೊ ಎನ್‌ಇಎಸ್, ಮತ್ತೆ ಕೈಗೆ ಸಿಕ್ಕಿದೆ. ಕ್ಯಾಸೆಟ್ ಹಾಕಿದರೆ ಪರದೆ ಮಿಣುಕುತ್ತದೆ, ಆಟ ಬರುವುದಿಲ್ಲ. ಊದಿ ಊದಿ ಸಾಕಾಯ್ತು. ಸರಿಯಾಗಿ ಊದುವುದು ಹೇಗೆ?

ಉತ್ತರ: ‘ಹೇಗೆ ಊದಬೇಕು’ ಅಂತ ಎಲ್ಲರೂ ಕೇಳುತ್ತೀರಿ. ‘ಊದಬೇಕಾ’ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಊದಬೇಡಿ. ಬಾಯಿಂದ ಬರುವುದು ಬರೀ ಗಾಳಿಯಲ್ಲ, ಜೊತೆಗೆ ತೇವವೂ ಬರುತ್ತದೆ. ಅದು ಕ್ಯಾಸೆಟ್ಟಿನ ಲೋಹದ ಪಟ್ಟಿಗಳ ಮೇಲೆ ಕೂರುತ್ತದೆ. ನನ್ನ ಹಳೇ ಕ್ಯಾಸೆಟ್ ಒಂದನ್ನು ಬಿಚ್ಚಿ ನೋಡಿದ್ದೆ. ಪಟ್ಟಿಗಳ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಊದಿದವನು ನಾನೇ, ಯಾರನ್ನು ಬೈಯಲಿ? ನಿಂಟೆಂಡೊ ಕಂಪನಿಯೇ ಊದಬೇಡಿ, ತೇವದಿಂದ ಪಿನ್ನುಗಳು ಹಾಳಾಗುತ್ತವೆ ಅಂತ ಹೇಳಿದೆ.

‘ಆದರೆ ಊದಿದ ಮೇಲೆ ಆಟ ಬರುತ್ತಿತ್ತಲ್ಲ?’ ಬರುತ್ತಿತ್ತು, ಇಲ್ಲ ಅನ್ನುವುದಿಲ್ಲ. ಊದಬೇಕಾದರೆ ಏನು ಮಾಡುತ್ತಿದ್ದಿರಿ ಹೇಳಿ? ಕ್ಯಾಸೆಟ್ ಹೊರಗೆ ತೆಗೆಯುತ್ತಿದ್ದಿರಿ, ಮತ್ತೆ ಹಾಕುತ್ತಿದ್ದಿರಿ. ಕೆಲಸ ಮಾಡಿದ್ದು ಅದು! ಪ್ರತಿ ಸಲ ಹಾಕಿದಾಗಲೂ ಪಟ್ಟಿ ಮತ್ತು ಪಿನ್ನು ಬೇರೆ ಕಡೆ ತಾಗುತ್ತವೆ. ಒಂದು ಸಲ ಸರಿಯಾಗಿ ತಾಗಿತು, ಹೆಸರು ಬಂದಿದ್ದು ಉಸಿರಿಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯ್ತು, ಅಷ್ಟೇ.

ಇನ್ನು ಆ ಮಿಣುಕು. ಅದಕ್ಕೆ ಧೂಳೊಂದೇ ಕಾರಣ ಅಂದುಕೊಳ್ಳಬೇಡಿ. 1985ರಲ್ಲಿ ಅಮೆರಿಕದಲ್ಲಿ ಬಂದ ಈ ಯಂತ್ರದಲ್ಲಿ ಕ್ಯಾಸೆಟ್ಟನ್ನು ಮುಂದಿನಿಂದ ತಳ್ಳಿ ಕೆಳಗೆ ಒತ್ತಬೇಕು. ಒಳಗಿನ 72 ಪಿನ್ನುಗಳು ಬಾಗಿ ಬಾಗಿ ಸಡಿಲವಾಗುತ್ತವೆ. ಜೊತೆಗೆ ಕ್ಯಾಸೆಟ್ ಅಸಲಿಯೋ ಅಂತ ನೋಡಲು ಯಂತ್ರದಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಕಾವಲು ಚಿಪ್ ಇದೆ. ಇವೆರಡರ ಮಾತು ಕೂಡಿ ಬರದಿದ್ದರೆ ಯಂತ್ರ ಸೆಕೆಂಡಿಗೊಮ್ಮೆ ಆಫ್ ಆಗಿ ಆನ್ ಆದ ಹಾಗೆ ಮಾಡುತ್ತದೆ. ನೀವು ನೋಡುತ್ತಿರುವುದು ಅದನ್ನೇ. 1993ರಲ್ಲಿ ಮೇಲಿನಿಂದ ಕ್ಯಾಸೆಟ್ ಹಾಕುವ ಮಾದರಿ ಬಂತು. ಅದರಲ್ಲಿ ಈ ಚಿಪ್ಪನ್ನೇ ತೆಗೆದುಹಾಕಿದರು, ಮಿಣುಕಾಟವೂ ಹೋಯಿತು.

ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಪಟ್ಟಿಗಳನ್ನು ಒರೆಸಿ. ಕಡ್ಡಿ ಕಪ್ಪಾಗುತ್ತದೆ, ಹೊಸದು ತಗೊಳ್ಳಿ. ಪೂರ್ತಿ ಒಣಗಿದ ಮೇಲೆ ಹಾಕಿ. ಆದರೂ ಬರದಿದ್ದರೆ ಪಿನ್ನುಗಳ ಕನೆಕ್ಟರ್ ಬದಲಿಸಬೇಕು.

ಅಂದಹಾಗೆ, ಆಟ ಶುರುವಾದ ಮೇಲೆ ನೀವು ಪರದೆಗೆ ಗುರಿ ಹಿಡಿದು ಆಡುವ ಆ ಆಟಿಕೆ ಗನ್ ಹುಡುಕುತ್ತೀರಿ, ನನಗೆ ಗೊತ್ತು. ಈಗಿನ ತೆಳು ಟಿವಿಯಲ್ಲಿ ಅದು ನಡೆಯುವುದಿಲ್ಲ. ಗನ್ನಿನಿಂದ ಏನೋ ಕಿರಣ ಹೋಗಿ ಪರದೆಗೆ ತಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು ಅಲ್ವಾ? ಆಗುತ್ತಿದ್ದದ್ದು ಉಲ್ಟಾ. ಗನ್ ಹೊಡೆಯುವುದಿಲ್ಲ, ನೋಡುತ್ತದೆ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಆಮೇಲೆ ಗುರಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಸಂವೇದಕಕ್ಕೆ ಆ ಬಿಳಿ ಕಂಡರೆ ಗುರಿ ತಾಗಿದ ಲೆಕ್ಕ. ಹೊಸ ಟಿವಿಯಲ್ಲಿ ಚಿತ್ರ ಚೂರು ತಡವಾಗಿ ಮೂಡುತ್ತದೆ. ಗನ್ ನೋಡುವ ಹೊತ್ತಿಗೆ ಚೌಕ ಇನ್ನೂ ಬಂದಿರುವುದಿಲ್ಲ.

ನನ್ನ ತಮ್ಮ ಗನ್ನನ್ನು ಬಲ್ಬಿನ ಕಡೆ ಹಿಡಿದು ಗೆಲ್ಲಲು ನೋಡುತ್ತಿದ್ದ. ಒಂದು ಸಲವೂ ಆಗಲಿಲ್ಲ. ಮೊದಲು ಕತ್ತಲೆ ಕಾಣಬೇಕು, ಆಮೇಲೆ ಬೆಳಕು. ಬಲ್ಬು ಪಾಪ, ಉರಿಯುತ್ತಲೇ ಇತ್ತು.