ನೀರಿಗೆ ಬಿದ್ದ ಜೇನು ದಡ ಸೇರೋದು ಹೇಗೆ?

ಕಲಬುರಗಿ ಬೇಸಿಗೆ ಗೊತ್ತಲ್ಲ, ಬಿಸಿಲು 40 ಡಿಗ್ರಿ ದಾಟಿದರೆ ಜೇನಿಗೂ ನೀರಿನ ಕೆಲಸ ಜಾಸ್ತಿ. ನೀರು ಹೀರಿ ತಂದು, ಗೂಡಿನೊಳಗೆ ಹರಡಿ, ರೆಕ್ಕೆ ಬೀಸಿ ಆವಿ ಮಾಡಿ ಗೂಡು ತಂಪಾಗಿಡಬೇಕು. ಅದಕ್ಕೇ ಊರಿನ ಅಪ್ಪನ ಕೆರೆ ದಂಡೆಯಲ್ಲೂ, ಮಾಳಿಗೆ ಮೇಲೆ ಹಕ್ಕಿಗಳಿಗೆ ಇಟ್ಟ ಪರಾತದಲ್ಲೂ ಅವು ಕಾಣುತ್ತವೆ. ಕೆಲವು ಜಾರಿ ಬೀಳುತ್ತವೆ. ಬಿದ್ದದ್ದು ಸುಮ್ನೆ ಒದ್ದಾಡ್ತಿದೆ ಅಂತ ನಮಗೆ ಅನಿಸುತ್ತೆ, ಆದರೆ ಸ್ವಲ್ಪ ಹೊತ್ತು ನೋಡಿ, ಅದು ಮುಂದಕ್ಕೆ ಸಾಗುತ್ತಿರುತ್ತದೆ.

ಇದನ್ನು ಅಳೆದವರು ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಸಂಶೋಧಕರಾದ ಕ್ರಿಸ್ ರೋ ಮತ್ತು ಮೋರಿ ಘರಿಬ್. ವರದಿ ಬಂದದ್ದು 2019ರಲ್ಲಿ. ಅವರು ನೋಡಿದ್ದು ಯುರೋಪಿನ ಸಾಕು ಜೇನು, ಆದ್ದರಿಂದ ಕೆಳಗಿನ ಅಂಕಿಗಳನ್ನು ನಮ್ಮ ಹೆಜ್ಜೇನಿಗೆ ಹಾಗೇ ಹಚ್ಚಬೇಡಿ.

ಈಗ ಮುಖ್ಯ ವಿಷಯ. ರೆಕ್ಕೆಯ ಕೆಳಮೈಗೆ ನೀರು ಅಂಟುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು, ಹಾಗಾಗಿ ಅಂಟಿದ ನೀರನ್ನು ಕಿತ್ತುಕೊಂಡು ಹಾರೋದು ಅದರ ಕೈಲಾಗದ ಮಾತು. ಆದರೆ ಅದೇ ಅಂಟು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜೇನು ರೆಕ್ಕೆಯನ್ನು ಮೇಲಕ್ಕೆ ಎಳೆದಾಗ ಅಂಟಿದ ನೀರೂ ಜೊತೆಗೆ ಎಳೆದುಬಂದು ಹಿಂದಕ್ಕೆ ದೊಡ್ಡ ಅಲೆ ಏಳುತ್ತದೆ, ಮುಂದುಗಡೆ ಅಂಥ ಅಲೆ ಇರಲ್ಲ, ನೀರು ಹಿಂದೆ ಹೋದರೆ ಜೇನು ಮುಂದೆ. ನ್ಯೂಟನ್‌ನ ಮೂರನೇ ನಿಯಮ, ಅಷ್ಟೇ! ಕೆಳಕ್ಕೆ ಒತ್ತುವಾಗ ರೆಕ್ಕೆ ಕೆಳಮುಖವಾಗಿ ಓರೆಯಾಗುತ್ತದೆ, ಮೇಲೆಳೆಯುವಾಗ ಮೇಲ್ಮುಖವಾಗಿ ತಿರುಗುತ್ತದೆ. ನೂಕುಬಲ ಬರೋದು ಎಳೆತದಿಂದ, ಒತ್ತೋದು ಮುಂದಿನ ಎಳೆತಕ್ಕೆ ತಯಾರಿ ಮಾತ್ರ. ದೋಣಿಯ ಹುಟ್ಟು ನೀರನ್ನು ತಳ್ಳುವುದಕ್ಕೆ ಇದು ಪೂರ್ತಿ ಉಲ್ಟಾ ಅಲ್ವಾ?

ಬಡಿತವೂ ಚಿಕ್ಕದು. ಹಾರುವಾಗ ರೆಕ್ಕೆ 90ರಿಂದ 120 ಡಿಗ್ರಿಯಷ್ಟು ಬೀಸುತ್ತದೆ, ನೀರಲ್ಲಿ 10 ಡಿಗ್ರಿಗಿಂತ ಕಡಿಮೆ.

ಬಲ ಎಷ್ಟು? ಸುಮಾರು 20 ಮೈಕ್ರೋನ್ಯೂಟನ್ (ಒಂದು ಮೈಕ್ರೋನ್ಯೂಟನ್ ಅಂದರೆ ಬಲದ ಅಳತೆ ನ್ಯೂಟನ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು). ಇದನ್ನು ಲೆಕ್ಕ ಹಾಕಿಯೇ ನೋಡಿ. ಜೇನಿನ ತೂಕ ಸುಮಾರು 100 ಮಿಲಿಗ್ರಾಂ ಅಂದುಕೊಂಡರೆ ಅದನ್ನು ಮೇಲೆತ್ತಲು 1000 ಮೈಕ್ರೋನ್ಯೂಟನ್ ಬೇಕು. ಕೈಯಲ್ಲಿರೋದು ಅದರ ಐವತ್ತರಲ್ಲಿ ಒಂದು ಪಾಲು. ಮೇಲೇಳೋಕೆ ಏನೇನೂ ಸಾಲದು, ಆದರೆ ಅಡ್ಡಕ್ಕೆ ಜರುಗೋಕೆ ಸಾಕು, ಯಾಕಂದ್ರೆ ತೂಕವನ್ನು ನೀರೇ ಹೊತ್ತಿರುತ್ತದೆ. ಪರೀಕ್ಷೆಯಲ್ಲಿ ಎತ್ತುವ ಬಲ, ನೂಕುಬಲ ಎರಡನ್ನೂ ಕಲಸಿ ಬರೆಯೋರು ಈ ಲೆಕ್ಕ ಒಮ್ಮೆ ಮಾಡಿಬಿಡಿ.

ಇದು ಸುಸ್ತಿನ ಕೆಲಸ. ಜೇನು ಹೀಗೆ 10 ನಿಮಿಷದಷ್ಟು ಹೊತ್ತು ಸಾಗಬಲ್ಲದು, ಅಷ್ಟರಲ್ಲಿ ಹಿಡಿದು ಹತ್ತಲು ಏನಾದರೂ ಸಿಗಬೇಕು.

ನೋಡಬೇಕು ಅನಿಸಿದರೆ ನಡು ಮಧ್ಯಾಹ್ನ ಬಿಳಿ ತಳದ ಪಾತ್ರೆ ನೋಡಿ. ಅಲೆಗಳ ನೆರಳು ತಳದಲ್ಲಿ ಬೀಳುತ್ತದೆ. ಆ ಸಂಶೋಧಕರಿಗೆ ಮೊದಲು ಸುಳಿವು ಸಿಕ್ಕಿದ್ದೂ ಕೊಳದ ತಳದಲ್ಲಿ ಬಿದ್ದ ಇಂಥ ನೆರಳಿನಿಂದಲೇ. ಬೇಕಂತ ಜೇನನ್ನು ನೀರಿಗೆ ಹಾಕಬೇಡಿ. ಬಿದ್ದಿದ್ದರೆ ಕಡ್ಡಿ ಕೊಡಿ, ಬೆರಳು ಕೊಟ್ಟರೆ ಕಚ್ಚುತ್ತೆ.